ವರ್ಚುವಲ್ ಮೆಮೊರಿ ದೋಷ ನಿವಾರಣೆ: ಸಿಸ್ಟಂ ಹ್ಯಾಂಗ್ ಆಗುವುದು ಎಲ್ಲಿ, ಯಾಕೆ

ಮಂಗಳೂರು, ಉಡುಪಿಯ ಡಿಟಿಪಿ ಅಂಗಡಿ, ಸಹಕಾರಿ ಸಂಘದ ಕಚೇರಿ, ಶಾಲೆಯ ಕಂಪ್ಯೂಟರ್ ಕೋಣೆ, ಎಲ್ಲಿಂದ ದೂರು ಬಂದರೂ ಮಾತು ಒಂದೇ: "ಸಿಸ್ಟಂ ಹ್ಯಾಂಗ್ ಆಗ್ತದೆ, ರ‍್ಯಾಮ್ ಸಾಲುವುದಿಲ್ಲ ಅಂತ ಕಾಣ್ತದೆ." ಆಮೇಲೆ ನಡೆಯುವುದು ಎರಡರಲ್ಲಿ ಒಂದು. ಹೊಸ ರ‍್ಯಾಮ್ ಹಾಕಿಸುತ್ತಾರೆ, ಇಲ್ಲವೇ ಯಾರೋ ಹೇಳಿದ ಲೆಕ್ಕದಂತೆ ಪೇಜ್ ಫೈಲ್ (ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಇಡಲು ಡಿಸ್ಕಿನಲ್ಲಿರುವ ಫೈಲ್) ಗಾತ್ರ ಬದಲಿಸುತ್ತಾರೆ. ಕೆಲವೊಮ್ಮೆ ಸರಿಯಾಗುತ್ತದೆ, ಹಲವು ಸಲ ದುಡ್ಡು ಹೋಗಿ ತೊಂದರೆ ಉಳಿಯುತ್ತದೆ. "ಮೆಮೊರಿ ಸಾಲದು" ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಕೊರತೆಗಳು ಅಡಗಿರುವುದೇ ಇದಕ್ಕೆ ಕಾರಣ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಲಕ್ಷಣ ನೋಡಿಯೇ ಅರ್ಧ ದಾರಿ ಸಾಗಬಹುದು. ಇಡೀ ಸಿಸ್ಟಂ ನಿಧಾನವಾಗಿ, ಹಾರ್ಡ್ ಡಿಸ್ಕ್ ದೀಪ ಬಿಡದೆ ಉರಿಯುತ್ತಿದ್ದರೆ ಕೊರತೆ ಇರುವುದು ರ‍್ಯಾಮ್‌ನಲ್ಲಿ. ನಿಧಾನವೇನೂ ಆಗದೆ ಪ್ರೋಗ್ರಾಂಗಳು ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ, "ಲೋ ಆನ್ ಮೆಮೊರಿ" ಎಂಬ ಎಚ್ಚರಿಕೆ ಬಂದರೆ, ತುಂಬಿರುವುದು ಕಮಿಟ್ ಮಿತಿ, ಅಂದರೆ ಪ್ರೋಗ್ರಾಂಗಳಿಗೆ ಕೊಡುತ್ತೇನೆಂದು ಸಿಸ್ಟಂ ಒಪ್ಪಬಹುದಾದ ಒಟ್ಟು ಮೆಮೊರಿ. ಉಳಿದದ್ದೆಲ್ಲ ಸರಿಯಿದ್ದು ಒಂದೇ ಒಂದು ಹಳೆಯ ಪ್ರೋಗ್ರಾಂ "ಔಟ್ ಆಫ್ ಮೆಮೊರಿ" ಎಂದರೆ ಮುಗಿದಿರುವುದು ಆ ಪ್ರೋಗ್ರಾಂನ ವಿಳಾಸದ ಜಾಗ, ಅಂದರೆ ಅದು ಬಳಸಬಲ್ಲ ಮೆಮೊರಿ ವಿಳಾಸಗಳು. ಇವು ಯಾವುದಕ್ಕೂ ಹೊಂದದೆ, ಸಮಯ ಸಂದರ್ಭ ನೋಡದೆ ನೀಲಿ ಪರದೆ ಬರುತ್ತಿದ್ದರೆ ಮೆಮೊರಿಯ ಪ್ರಮಾಣದ ಮಾತು ಬಿಡಿ. ರ‍್ಯಾಮ್, ಡಿಸ್ಕ್ ಅಥವಾ ಕೇಬಲ್ ಕೆಟ್ಟಿರಬೇಕು.

ಅಂಕಿ ಓದುವ ಮೊದಲು ತಿಳಿದಿರಬೇಕಾದಷ್ಟು

ಪ್ರೋಗ್ರಾಂ ನೋಡುವುದು ನಿಜವಾದ ರ‍್ಯಾಮ್ ವಿಳಾಸವನ್ನಲ್ಲ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂಗೂ, ಅಂದರೆ ಪ್ರೊಸೆಸ್‌ಗೂ ಆಪರೇಟಿಂಗ್ ಸಿಸ್ಟಂ ಒಂದು ಪ್ರತ್ಯೇಕ ವಿಳಾಸದ ಜಾಗ ಕೊಡುತ್ತದೆ, ಇದೇ ವರ್ಚುವಲ್ ಮೆಮೊರಿ. ಅದನ್ನು 4 ಕೆಬಿ ಗಾತ್ರದ ಪೇಜ್‌ಗಳಾಗಿ ಕತ್ತರಿಸಿ, ಯಾವ ಪೇಜ್ ರ‍್ಯಾಮ್‌ನ ಎಲ್ಲಿದೆ ಎಂಬುದನ್ನು ಪೇಜ್ ಟೇಬಲ್‌ನಲ್ಲಿ ಬರೆದಿಡುತ್ತದೆ. ಇಂದಿನ ಹೆಚ್ಚಿನ ಪಿಸಿಗಳಲ್ಲಿ ಈ ವಿಳಾಸ 48 ಬಿಟ್‌ನದು: 9 ಬಿಟ್‌ನಂತೆ 4 ಹಂತದ ಟೇಬಲ್‌ಗಳು, ಉಳಿದ 12 ಬಿಟ್ ಪೇಜ್‌ನೊಳಗಿನ ಸ್ಥಾನ. ಪ್ರತಿಸಲ 4 ಹಂತ ಇಳಿದರೆ ತಡವಾಗುತ್ತದೆಂದು ಈಚೆಗೆ ಬಳಸಿದ ವಿಳಾಸಗಳನ್ನು ಪ್ರೊಸೆಸರ್ ತನ್ನೊಳಗಿನ ಟಿಎಲ್‌ಬಿಯಲ್ಲಿ ಇಟ್ಟುಕೊಳ್ಳುತ್ತದೆ.

ಬೇಕಾದ ಪೇಜ್‌ಗೆ ಟೇಬಲ್‌ನಲ್ಲಿ ಸಿಂಧುವಾದ ನಮೂದು ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗುತ್ತದೆ. ಹೆಸರಿನಲ್ಲಿ ಫಾಲ್ಟ್ ಎಂದಿದ್ದರೂ ಇದು ದಿನನಿತ್ಯದ ಕೆಲಸ. ಪೇಜ್ ರ‍್ಯಾಮ್‌ನಲ್ಲೇ ಬೇರೆಲ್ಲೋ ಇದ್ದು ನಮೂದು ಮಾತ್ರ ಬರೆಯಬೇಕಿದ್ದರೆ ಅದು ಸಾಫ್ಟ್ ಅಥವಾ ಮೈನರ್ ಫಾಲ್ಟ್, ಸೆಕೆಂಡಿಗೆ ಸಾವಿರಗಟ್ಟಲೆ ಆದರೂ ಚಿಂತೆಯಿಲ್ಲ. ಡಿಸ್ಕಿನಿಂದ ಓದಿ ತರಬೇಕಿದ್ದರೆ ಹಾರ್ಡ್ ಅಥವಾ ಮೇಜರ್ ಫಾಲ್ಟ್. ನಮಗೆ ಬೇಕಾದ ಅಂಕಿ ಈ ಎರಡನೆಯದು ಮಾತ್ರ. ಟಾಸ್ಕ್ ಮ್ಯಾನೇಜರ್‌ನ "ಪೇಜ್ ಫಾಲ್ಟ್ಸ್" ಕಾಲಂ ಎರಡನ್ನೂ ಕೂಡಿಸಿ ತೋರಿಸುವುದರಿಂದ ಅದನ್ನು ನೋಡಿ ಗಾಬರಿಯಾಗಬೇಡಿ.

ಇನ್ನೊಂದು ಮಾತು. ರ‍್ಯಾಮ್ 80 ಪರ್ಸೆಂಟ್ ತುಂಬಿದೆ ಎಂಬುದು ದೋಷವಲ್ಲ. ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಉಪಯೋಗವಿಲ್ಲವೆಂದು ಸಿಸ್ಟಂ ಅದರಲ್ಲಿ ಫೈಲ್‌ಗಳ ನಕಲು ಇಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ "ಕ್ಯಾಶ್ಡ್" ಎಂದು, ಲಿನಕ್ಸ್‌ನಲ್ಲಿ "ಬಫ್/ಕ್ಯಾಶ್" ಎಂದು ತೋರುವುದು ಇದನ್ನೇ. ಬೇರೆ ಪ್ರೋಗ್ರಾಂ ಕೇಳಿದ ಕ್ಷಣ ಇದರ ಬಹುಪಾಲು ಬಿಟ್ಟುಕೊಡಲು ಬರುತ್ತದೆ. ಹಾಗಾಗಿ ನೋಡಬೇಕಾದ್ದು "ಅವೈಲೇಬಲ್" ಅಂಕಿಯನ್ನು, "ಫ್ರೀ" ಅಂಕಿಯನ್ನಲ್ಲ.

ಮೊದಲ ಹತ್ತು ನಿಮಿಷ

ದೂರು ಬಂದ ಸ್ಥಿತಿಯಲ್ಲೇ ನೋಡಬೇಕು. ರೀಸ್ಟಾರ್ಟ್ ಮಾಡಿದರೆ ಸಾಕ್ಷ್ಯ ಹೋಗುತ್ತದೆ. ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, "ಪರ್ಫಾರ್ಮೆನ್ಸ್" ಪುಟದ "ಮೆಮೊರಿ"ಗೆ ಹೋಗಿ. "ಇನ್ ಯೂಸ್", "ಅವೈಲೇಬಲ್", "ಕಮಿಟೆಡ್", "ಪೇಜ್ಡ್ ಪೂಲ್", "ನಾನ್ ಪೇಜ್ಡ್ ಪೂಲ್" ಈ ಐದನ್ನೂ ಸಮಯದೊಂದಿಗೆ ಬರೆದುಕೊಳ್ಳಿ. ಪೂಲ್ ಎಂದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮತ್ತು ಡ್ರೈವರ್‌ಗಳು ಬಳಸುವ ಮೆಮೊರಿ, ಅದರಲ್ಲಿ ನಾನ್ ಪೇಜ್ಡ್ ಎಂಬುದು ಡಿಸ್ಕಿಗೆ ಹೋಗದೆ ರ‍್ಯಾಮ್‌ನಲ್ಲೇ ಉಳಿಯುವ ಭಾಗ. "ಕಮಿಟೆಡ್" ಎದುರು 9.6/10.2 ಎಂಬಂತೆ ಎರಡು ಅಂಕಿ ಇರುತ್ತವೆ, ಎರಡೂ ಬೇಕು.

ಅಲ್ಲೇ "ಹಾರ್ಡ್‌ವೇರ್ ರಿಸರ್ವ್ಡ್" ಎಷ್ಟಿದೆ ನೋಡಿ. ಮದರ್‌ಬೋರ್ಡಿನ ಗ್ರಾಫಿಕ್ಸ್ ಸ್ವಲ್ಪ ರ‍್ಯಾಮ್ ಇಟ್ಟುಕೊಳ್ಳುವುದು ಸಹಜ. ಆದರೆ 8 ಜಿಬಿ ಹಾಕಿದ ಯಂತ್ರದಲ್ಲಿ 4 ಜಿಬಿ ರಿಸರ್ವ್ಡ್ ಎಂದು ಬಂದರೆ ಒಂದು ರ‍್ಯಾಮ್ ಸ್ಲಾಟ್‌ನಲ್ಲಿ ಸರಿಯಾಗಿ ಕೂತಿಲ್ಲ, ಅಥವಾ "ಎಂಎಸ್‌ಕಾನ್ಫಿಗ್"ನ ಬೂಟ್ ಪುಟದ ಅಡ್ವಾನ್ಸ್ಡ್ ಆಯ್ಕೆಯಲ್ಲಿ "ಮ್ಯಾಕ್ಸಿಮಂ ಮೆಮೊರಿ"ಗೆ ಯಾರೋ ಟಿಕ್ ಹಾಕಿಟ್ಟಿದ್ದಾರೆ, ಇಲ್ಲವೇ ವಿಂಡೋಸೇ 32 ಬಿಟ್‌ನದು. ಈ ಮೂರೂ ಹೊಸ ರ‍್ಯಾಮ್ ಕೊಳ್ಳದೆ ಸರಿಹೋಗುವಂಥವು.

ಬಳಿಕ "ರೆಸ್‌ಮಾನ್" ಎಂದು ಹುಡುಕಿ ರಿಸೋರ್ಸ್ ಮಾನಿಟರ್ ತೆರೆಯಿರಿ. ಮೆಮೊರಿ ಪುಟದಲ್ಲಿ "ಹಾರ್ಡ್ ಫಾಲ್ಟ್ಸ್/ಸೆಕ್" ಕಾಲಂ, ಡಿಸ್ಕ್ ಪುಟದಲ್ಲಿ ಯಾವ ಫೈಲ್ ಮೇಲೆ ಎಷ್ಟು ಓದು ಬರಹ ನಡೆಯುತ್ತಿದೆ ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯ ತಲೆಯಲ್ಲಿ "ಪೇಜ್‌ಫೈಲ್.ಸಿಸ್" ಕೂತಿದ್ದರೆ ದಾರಿ ಸರಿಯಿದೆ, ಮುಂದಿನ ಭಾಗ ಓದಿ. ಅಲ್ಲಿ ಆಂಟಿವೈರಸ್, ವಿಂಡೋಸ್ ಅಪ್‌ಡೇಟ್ ಅಥವಾ ಸರ್ಚ್ ಇಂಡೆಕ್ಸ್‌ನ ಫೈಲ್‌ಗಳಿದ್ದರೆ ಡಿಸ್ಕ್ 100 ಪರ್ಸೆಂಟ್ ಆಗಿರುವುದಕ್ಕೂ ಮೆಮೊರಿಗೂ ಸಂಬಂಧವಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದು ನೀಗುತ್ತದೆ, ರ‍್ಯಾಮ್ ಹಾಕಿದರೆ ನೀಗುವುದಿಲ್ಲ.

ಮೊದಲನೆಯ ಕೊರತೆ: ರ‍್ಯಾಮ್ ಸಾಲದೆ ಪೇಜ್‌ಗಳು ಓಡಾಡುವುದು

ಪ್ರೋಗ್ರಾಂಗಳು ಸದ್ಯ ನಿಜವಾಗಿ ಮುಟ್ಟುತ್ತಿರುವ ಪೇಜ್‌ಗಳ ಗುಂಪಿಗೆ ವರ್ಕಿಂಗ್ ಸೆಟ್ ಎನ್ನುತ್ತಾರೆ. ಪೀಟರ್ ಡೆನ್ನಿಂಗ್ 1968ರಲ್ಲಿ ಕೊಟ್ಟ ಈ ಕಲ್ಪನೆ ಇವತ್ತಿಗೂ ದೋಷ ಹುಡುಕುವವರ ಮುಖ್ಯ ಉಪಕರಣ. ಎಲ್ಲ ಪ್ರೋಗ್ರಾಂಗಳ ವರ್ಕಿಂಗ್ ಸೆಟ್ ಕೂಡಿದಾಗ ರ‍್ಯಾಮ್‌ಗಿಂತ ಕಡಿಮೆ ಇದ್ದರೆ ಎಷ್ಟು ಕಿಟಕಿ ತೆರೆದಿಟ್ಟರೂ ಸಿಸ್ಟಂ ಓಡುತ್ತದೆ. ಮೀರಿದ ಕೂಡಲೇ, ಒಂದು ಪೇಜ್ ತರಲು ಸದ್ಯವೇ ಬೇಕಾಗಲಿರುವ ಇನ್ನೊಂದನ್ನು ಹೊರಹಾಕಬೇಕಾಗುತ್ತದೆ. ಅದನ್ನು ತರಲು ಮತ್ತೊಂದನ್ನು. ಇದೇ ಥ್ರ್ಯಾಶಿಂಗ್. ಗಮನಿಸಬೇಕಾದ್ದೆಂದರೆ ಇದು ಮೆಲ್ಲಗೆ ಹೆಚ್ಚುವ ತೊಂದರೆಯಲ್ಲ. ಒಂದು ಫೈಲ್ ಹೆಚ್ಚು ತೆರೆಯುವವರೆಗೆ ಎಲ್ಲ ಸರಿ, ತೆರೆದ ಮೇಲೆ ಮೌಸ್ ಕೂಡ ಅಲುಗುವುದಿಲ್ಲ.

ಯಾಕಿಷ್ಟು ಕೆಡುತ್ತದೆ ಎಂಬುದಕ್ಕೆ ಲೆಕ್ಕ ನೋಡಿ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್. 7200 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿ ಎಲ್ಲೆಲ್ಲೋ ಚದುರಿದ ಜಾಗಗಳಿಂದ ಓದಲು ಒಂದೊಂದಕ್ಕೂ ಸುಮಾರು 10 ಮಿಲಿಸೆಕೆಂಡ್, ಅಂದರೆ ಒಂದು ಲಕ್ಷ ಪಟ್ಟು ನಿಧಾನ. ಸೆಕೆಂಡಿಗೆ 100 ಓದು ಎಂದಿಟ್ಟುಕೊಳ್ಳಿ. ಹೊರಗೆ ಹೋದ 200 ಎಂಬಿಯಷ್ಟು ಪೇಜ್‌ಗಳು ವಾಪಸು ಬರಬೇಕಿದ್ದರೆ ಅವುಗಳ ಸಂಖ್ಯೆ 51,200. ಒಂದೊಂದಾಗಿ ತಂದರೆ 512 ಸೆಕೆಂಡ್, ಎಂಟೂವರೆ ನಿಮಿಷ! ಲಿನಕ್ಸ್ ಸಾಮಾನ್ಯವಾಗಿ ಸ್ವಾಪ್‌ನಿಂದ (ಪೇಜ್ ಫೈಲ್‌ನಂಥ ಅದರ ಡಿಸ್ಕ್ ಜಾಗದಿಂದ) 8 ಪೇಜ್ ಒಟ್ಟಿಗೆ ಓದುತ್ತದೆ, ವಿಂಡೋಸ್ ಕೂಡ ಗುಂಪಾಗಿಯೇ ತರುತ್ತದೆ. ಹಾಗೆ ತಂದರೂ ಒಂದು ನಿಮಿಷ ದಾಟುತ್ತದೆ. "ಹ್ಯಾಂಗ್" ಎಂದು ಜನ ಹೇಳುವುದು ಈ ಒಂದು ನಿಮಿಷವನ್ನೇ. ಸಾಟಾ ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕಾದ್ದರಿಂದ ಅದೇ ಕೆಲಸ ಕೆಲವೇ ಸೆಕೆಂಡ್‌ಗಳಲ್ಲಿ ಮುಗಿಯುತ್ತದೆ.

ಹಾಗಾಗಿ ಹಾರ್ಡ್ ಡಿಸ್ಕ್ ಯಂತ್ರದಲ್ಲಿ "ಅವೈಲೇಬಲ್" 500 ಎಂಬಿಗಿಂತ ಕೆಳಗಿಳಿದು, ಹಾರ್ಡ್ ಫಾಲ್ಟ್ ಸೆಕೆಂಡಿಗೆ 50ರಿಂದ 100ರ ಮೇಲೆ ನಿಮಿಷಗಟ್ಟಲೆ ನಿಂತರೆ ಥ್ರ್ಯಾಶಿಂಗ್ ಎಂದೇ ತಿಳಿಯಿರಿ. ನಿಮಿಷಗಟ್ಟಲೆ ಎಂಬುದು ಮುಖ್ಯ. ದೊಡ್ಡ ಪ್ರೋಗ್ರಾಂ ತೆರೆಯುವಾಗ ಅದರ ಸ್ವಂತ ಫೈಲ್‌ಗಳನ್ನು ಓದುವುದೂ ಹಾರ್ಡ್ ಫಾಲ್ಟ್ ಆಗಿಯೇ ಲೆಕ್ಕಕ್ಕೆ ಬರುವುದರಿಂದ, ಹತ್ತು ಹದಿನೈದು ಸೆಕೆಂಡ್ ಏರಿ ಇಳಿದರೆ ಅದು ಸಹಜ.

ಕರಾವಳಿಯ ಡಿಟಿಪಿ ಅಂಗಡಿಗಳಲ್ಲಿ ಇದು ಹೆಚ್ಚು ಕಾಣುವುದು ನವೆಂಬರ್‌ನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ. ಯಕ್ಷಗಾನ ಬಯಲಾಟ, ನೇಮ, ಬ್ರಹ್ಮಕಲಶೋತ್ಸವದ ಬ್ಯಾನರ್ ಒಂದರ ಮೇಲೊಂದು ಬರುವ ಕಾಲ. ಇಲ್ಲಿ ರ‍್ಯಾಮ್‌ಗಿಂತ ಮೊದಲು ಫೈಲನ್ನು ನೋಡಬೇಕು. 10 ಅಡಿಗೆ 6 ಅಡಿಯ ಬ್ಯಾನರನ್ನು 300 ಡಿಪಿಐನಲ್ಲಿ ಮಾಡಿದರೆ 36,000 ಗುಣಿಸು 21,600, ಅಂದರೆ 77.76 ಕೋಟಿ ಪಿಕ್ಸೆಲ್. ಸಿಎಂವೈಕೆಯಲ್ಲಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಪೂರ್ತಿ ತುಂಬಿದ ಒಂದು ಲೇಯರ್‌ಗೇ ಸುಮಾರು 3 ಜಿಬಿ. ಹಿನ್ನೆಲೆ, ದೇವರ ಚಿತ್ರ, ಮುಖವರ್ಣಿಕೆಯ ಫೋಟೊ ಎಂದು ಮೂರು ಲೇಯರ್ ಆದರೆ 8 ಜಿಬಿ ಯಂತ್ರ ಏಳುವುದಿಲ್ಲ. ಅದನ್ನೇ 100 ಡಿಪಿಐನಲ್ಲಿ ಮಾಡಿದರೆ ಲೇಯರ್‌ಗೆ ಸುಮಾರು 345 ಎಂಬಿ, ಒಂಬತ್ತರಲ್ಲಿ ಒಂದು ಪಾಲು. ಹತ್ತು ಅಡಿ ದೂರದಿಂದ ನೋಡುವ ಬ್ಯಾನರ್‌ಗೆ 72ರಿಂದ 100 ಡಿಪಿಐ ಸಾಕು. 300 ಬೇಕಾದ್ದು ಕೈಯಲ್ಲಿ ಹಿಡಿದು ಓದುವ ಆಮಂತ್ರಣ ಪತ್ರಿಕೆಗೆ.

ಫೋಟೊಶಾಪ್ ಬಳಸುವವರು ಇನ್ನೊಂದನ್ನು ತಿಳಿದಿರಬೇಕು. ಅದು ತನ್ನದೇ ಸ್ಕ್ರ್ಯಾಚ್ ಫೈಲ್ ಇಟ್ಟುಕೊಳ್ಳುತ್ತದೆ, ವಿಂಡೋಸ್‌ನ ಪೇಜ್ ಫೈಲ್‌ಗೂ ಅದಕ್ಕೂ ಸಂಬಂಧವಿಲ್ಲ. "ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್" ಎಂದು ಬಂದರೆ ಪೇಜ್ ಫೈಲ್ ದೊಡ್ಡದು ಮಾಡಿ ಫಲವಿಲ್ಲ, ಸ್ಕ್ರ್ಯಾಚ್‌ಗೆ ಕೊಟ್ಟ ಡ್ರೈವ್‌ನಲ್ಲಿ ಜಾಗ ಬಿಡಿಸಬೇಕು. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಬಳಕೆ ಸಾಮಾನ್ಯವಾಗಿ 70 ಪರ್ಸೆಂಟ್ ಇರುತ್ತದೆ. 8 ಜಿಬಿ ಯಂತ್ರದಲ್ಲಿ ಜೊತೆಗೆ ಬ್ರೌಸರ್, ವಾಟ್ಸಾಪ್, ಕೋರೆಲ್ ತೆರೆದಿರುವ ಅಂಗಡಿಯಾದರೆ 50ರಿಂದ 55ಕ್ಕೆ ಇಳಿಸಿ. ಹೆಚ್ಚು ಕೊಟ್ಟರೆ ವೇಗ ಬರುತ್ತದೆಂಬ ನಂಬಿಕೆಯಲ್ಲಿ 90ಕ್ಕೆ ಏರಿಸಿಟ್ಟಿರುವ ಯಂತ್ರಗಳು ಉಂಟು. ಅಲ್ಲಿ ಉಳಿದ ಪ್ರೋಗ್ರಾಂಗಳ ಪೇಜ್‌ಗಳೆಲ್ಲ ಡಿಸ್ಕಿಗೆ ಹೋಗಿ, ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಕಾಯಬೇಕಾಗುತ್ತದೆ.

"ರ‍್ಯಾಮ್ ಕ್ಲೀನರ್", "ಮೆಮೊರಿ ಬೂಸ್ಟರ್" ಎಂಬ ಸಾಫ್ಟ್‌ವೇರ್ ಇದ್ದರೆ ಮೊದಲು ತೆಗೆದುಹಾಕಿ. ಅವು ಮಾಡುವುದೆಂದರೆ ಪ್ರೋಗ್ರಾಂಗಳ ವರ್ಕಿಂಗ್ ಸೆಟ್ ಒತ್ತಾಯದಿಂದ ಖಾಲಿ ಮಾಡಿಸುವುದು. "ಅವೈಲೇಬಲ್" ಅಂಕಿ ಚಂದವಾಗಿ ಏರುತ್ತದೆ, ಮರುಕ್ಷಣ ಅದೇ ಪೇಜ್‌ಗಳು ಬೇಕಾಗಿ ಫಾಲ್ಟ್‌ಗಳ ಸಾಲು ಹಿಡಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಕೊರತೆ ನಿಂತರೆ ರ‍್ಯಾಮ್ ಹಾಕಿ. ಎಷ್ಟು ಹಾಕಬೇಕು ಎಂಬುದಕ್ಕೆ ದಿನದ ಕೆಲಸದಲ್ಲಿ "ಕಮಿಟೆಡ್"ನ ಮೊದಲ ಅಂಕಿ ಮುಟ್ಟಿದ ಎತ್ತರ ನೋಡಿ. 8 ಜಿಬಿ ಯಂತ್ರದಲ್ಲಿ ಅದು 13ಕ್ಕೆ ಹೋಗುತ್ತಿದ್ದು ಹಾರ್ಡ್ ಫಾಲ್ಟ್ ಕೂಡ ಇದ್ದರೆ 16 ಸರಿಯಾದ ಗುರಿ. 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಎರಡೂ ಇರುವ ಹಳೆಯ ಯಂತ್ರಕ್ಕೆ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಎಸ್‌ಎಸ್‌ಡಿ ಮೊದಲು ಎಂಬುದು ನಮ್ಮ ಅಭಿಪ್ರಾಯ. ಬೂಟ್ ಆಗುವುದರಿಂದ ಹಿಡಿದು ಎಲ್ಲಕ್ಕೂ ಅದು ನೆರವಾಗುತ್ತದೆ. ಆದರೆ ಎಸ್‌ಎಸ್‌ಡಿ ಥ್ರ್ಯಾಶಿಂಗನ್ನು ಮರೆಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ, ರ‍್ಯಾಮ್ ಖರ್ಚನ್ನು ತುಂಬ ಮುಂದೂಡಬೇಡಿ.

ಎರಡನೆಯ ಕೊರತೆ: ಕಮಿಟ್ ಮಿತಿ ತುಂಬುವುದು

ಇದನ್ನು ಅರ್ಥ ಮಾಡಿಕೊಳ್ಳದವರು ಹೆಚ್ಚು. ಪ್ರೋಗ್ರಾಂ ಮೆಮೊರಿ ಕೇಳಿದಾಗ ವಿಂಡೋಸ್ ಕೂಡಲೇ ರ‍್ಯಾಮ್ ಕೊಡುವುದಿಲ್ಲ, ಕೊಡುತ್ತೇನೆಂದು ಮಾತು ಕೊಡುತ್ತದೆ. ಪೇಜನ್ನು ಮೊದಲ ಸಲ ಮುಟ್ಟಿದಾಗಷ್ಟೇ ರ‍್ಯಾಮ್ ಸಿಗುತ್ತದೆ. ಆದರೆ ಕೊಟ್ಟ ಮಾತೆಲ್ಲ ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿದ ಮೊತ್ತದೊಳಗೆ ಇರಲೇಬೇಕು. ಬ್ಯಾಂಕಿನ ಓಡಿ ಖಾತೆಯಲ್ಲಿ ಮಂಜೂರಾದ ಮಿತಿಯೇ ಬೇರೆ, ಈ ಹೊತ್ತಿಗೆ ತೆಗೆದ ಹಣವೇ ಬೇರೆ ಇರುವಂತೆ, ಕಮಿಟ್ ಆದದ್ದು ಬೇರೆ, ರ‍್ಯಾಮ್‌ನಲ್ಲಿ ಕೂತದ್ದು ಬೇರೆ. ಮಿತಿ ಮುಗಿದರೆ, ರ‍್ಯಾಮ್‌ನಲ್ಲಿ 2 ಜಿಬಿ ಖಾಲಿ ಇದ್ದರೂ ಹೊಸದಾಗಿ ಕೇಳಿದವರಿಗೆ ಇಲ್ಲವೆಂದೇ ಉತ್ತರ. ಬ್ರೌಸರ್‌ನ ಟ್ಯಾಬ್ ಸಾಯುತ್ತದೆ, ಉಳಿಸದ ಲೆಕ್ಕದ ಫೈಲ್‌ನೊಂದಿಗೆ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ.

ಗುರುತಿಸುವುದು ಸುಲಭ: "ಕಮಿಟೆಡ್"ನ ಎರಡು ಅಂಕಿಗಳು ಹತ್ತಿರ ಹತ್ತಿರ ಬಂದಿರುತ್ತವೆ, 7.5/7.8 ಎಂಬಂತೆ. ಯಂತ್ರ ಆಗಲೇ ರೀಸ್ಟಾರ್ಟ್ ಆಗಿದ್ದರೂ ಸಾಕ್ಷ್ಯ ಸಿಗುತ್ತದೆ. ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ "ರಿಸೋರ್ಸ್ ಎಗ್ಸಾಶನ್ ಡಿಟೆಕ್ಟರ್" ಮೂಲದ 2004 ಸಂಖ್ಯೆಯ ನಮೂದು ಹುಡುಕಿ. ಆ ಹೊತ್ತಿನಲ್ಲಿ ಅತಿ ಹೆಚ್ಚು ವರ್ಚುವಲ್ ಮೆಮೊರಿ ಹಿಡಿದಿದ್ದ ಪ್ರೋಗ್ರಾಂಗಳ ಹೆಸರು, ಬೈಟ್ ಲೆಕ್ಕ ಎರಡೂ ಅಲ್ಲಿರುತ್ತವೆ.

ಕಾರಣಗಳಲ್ಲಿ ಮೊದಲನೆಯದು ಯಾರೋ ಪೇಜ್ ಫೈಲ್ ತೆಗೆದುಹಾಕಿರುವುದು. "ಎಸ್‌ಎಸ್‌ಡಿ ಸವೆಯುತ್ತದೆ, ಪೇಜ್ ಫೈಲ್ ಬೇಡ" ಎಂಬ ಸಲಹೆ ಇನ್ನೂ ಓಡಾಡುತ್ತಿದೆ, ಅದನ್ನು ಕೇಳಬೇಡಿ. ಪೇಜ್ ಫೈಲ್ ತೆಗೆದರೆ ಕಮಿಟ್ ಮಿತಿ ರ‍್ಯಾಮ್‌ನಷ್ಟೇ ಆಗುತ್ತದೆ. ಪ್ರೋಗ್ರಾಂಗಳು ಕಮಿಟ್ ಮಾಡಿ ಎಂದೂ ಮುಟ್ಟದ ಪೇಜ್‌ಗಳಿಗೂ ಆಗ ರ‍್ಯಾಮ್‌ನ ಲೆಕ್ಕದಲ್ಲೇ ಜಾಗ ಕಾದಿರಿಸಬೇಕು.

ಎರಡನೆಯದು ಸಿ ಡ್ರೈವ್ ತುಂಬಿರುವುದು. ಸಿಸ್ಟಂ ತಾನೇ ನಿರ್ವಹಿಸುವ ಪೇಜ್ ಫೈಲ್ ರ‍್ಯಾಮ್‌ನ 3 ಪಟ್ಟು ಅಥವಾ 4 ಜಿಬಿ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ಬೆಳೆಯಬಲ್ಲದು, ಆದರೆ ಆ ಡ್ರೈವ್‌ನ ಒಟ್ಟು ಗಾತ್ರದ ಎಂಟರಲ್ಲಿ ಒಂದು ಭಾಗ ಮೀರುವಂತಿಲ್ಲ. ಸಿ ಡ್ರೈವ್‌ಗೆ 60 ಜಿಬಿ ಮಾತ್ರ ಬಿಟ್ಟು ಉಳಿದದ್ದನ್ನು ಡಿ, ಇ ಎಂದು ಪಾಲು ಮಾಡಿದ ಯಂತ್ರದಲ್ಲಿ ಆ ಮಿತಿ 7.5 ಜಿಬಿ. ಸಾಲದ್ದಕ್ಕೆ ಗ್ರಾಹಕರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ, ಪಿಡಿಎಫ್‌ಗಳೆಲ್ಲ ಸಿ ಡ್ರೈವ್‌ನಲ್ಲೇ ತುಂಬಿ 1 ಜಿಬಿ ಉಳಿದಿದ್ದರೆ ಪೇಜ್ ಫೈಲ್ ಬೆಳೆಯುವುದಾದರೂ ಎಲ್ಲಿಗೆ? ಮೊದಲು ಸಿ ಡ್ರೈವ್‌ನಲ್ಲಿ ಕನಿಷ್ಠ 15ರಿಂದ 20 ಜಿಬಿ ಜಾಗ ಬಿಡಿಸಿ, ಆಮೇಲೆ ಉಳಿದ ಮಾತು.

ಸೆಟ್ಟಿಂಗ್ ಇರುವುದು ಹೀಗೆ: "ಸಿಸ್‌ಡಿಎಂ.ಸಿಪಿಎಲ್" ಓಡಿಸಿ, ಅಡ್ವಾನ್ಸ್ಡ್ ಪುಟ, ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಮತ್ತೆ ಅಡ್ವಾನ್ಸ್ಡ್, ವರ್ಚುವಲ್ ಮೆಮೊರಿ ಕೆಳಗೆ "ಚೇಂಜ್". ಹೆಚ್ಚಿನವರಿಗೆ "ಆಟೊಮ್ಯಾಟಿಕಲಿ ಮ್ಯಾನೇಜ್" ಟಿಕ್ ಇದ್ದರೆ ಸಾಕು. ಕೈಯಾರೆ ಕೊಡುವುದಾದರೆ ರ‍್ಯಾಮ್‌ನ ಒಂದೂವರೆ ಪಟ್ಟು ಎಂಬ ಹಳೆಯ ಸೂತ್ರ ಬಿಟ್ಟುಬಿಡಿ. ಸಿಸ್ಇಂಟರ್ನಲ್ಸ್‌ನ ಪ್ರೊಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆದರೆ ಬೂಟ್ ಆದಂದಿನಿಂದ ಕಮಿಟ್ ಮುಟ್ಟಿದ ಗರಿಷ್ಠ ಅಂಕಿ ಸಿಗುತ್ತದೆ. ಅದರಿಂದ ರ‍್ಯಾಮ್ ಕಳೆದು, ಮೇಲೆ ಒಂದಿಷ್ಟು ಸೇರಿಸಿ. ಗರಿಷ್ಠ 13, ರ‍್ಯಾಮ್ 8 ಆದರೆ ಉಳಿಯುವುದು 5. ಆರಂಭದ ಗಾತ್ರ 6144 ಎಂಬಿ, ಗರಿಷ್ಠ 10240 ಎಂಬಿ ಕೊಟ್ಟರೆ ನೆಮ್ಮದಿ. ಸಿ ಎಸ್‌ಎಸ್‌ಡಿಯಾಗಿ ಡಿ ಹಾರ್ಡ್ ಡಿಸ್ಕ್ ಆಗಿದ್ದರೆ ಪೇಜ್ ಫೈಲನ್ನು ಡಿಗೆ ಸಾಗಿಸಬೇಡಿ.

ಸೋರಿಕೆ

ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಸಂಜೆಗೆ ಸೋತರೆ ಯಾವುದೋ ಪ್ರೋಗ್ರಾಂ ತೆಗೆದುಕೊಂಡ ಮೆಮೊರಿ ವಾಪಸು ಕೊಡುತ್ತಿಲ್ಲ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ "ಕಮಿಟ್ ಸೈಜ್" ಸೇರಿಸಿ. ಸಾಮಾನ್ಯವಾಗಿ ಕಾಣುವ "ಮೆಮೊರಿ" ಕಾಲಂ ವರ್ಕಿಂಗ್ ಸೆಟ್ ಮಾತ್ರ ತೋರಿಸುವುದರಿಂದ, ಸೋರಿದ ಪೇಜ್‌ಗಳು ಡಿಸ್ಕಿಗೆ ಹೋದ ಮೇಲೆ ಕಳ್ಳ ಅಲ್ಲಿ ಸಿಕ್ಕಿಬೀಳುವುದಿಲ್ಲ. ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆ 5ಕ್ಕೆ ಕಮಿಟ್ ಸೈಜ್‌ನ ಮೊದಲ ಐದು ಸಾಲುಗಳನ್ನು ಬರೆದಿಡಿ. ಏರಿ ಇಳಿದರೆ ಅದು ಬಳಕೆ, ಏರುತ್ತಲೇ ಹೋದರೆ ಸೋರಿಕೆ.

ಎಲ್ಲ ಪ್ರೊಸೆಸ್‌ಗಳ ಕಮಿಟ್ ಕೂಡಿದರೂ ಒಟ್ಟು ಅಂಕಿಗೆ ಗಿಗಾಬೈಟ್‌ಗಳ ಲೆಕ್ಕದಲ್ಲಿ ಕಡಿಮೆ ಬಂದು, "ನಾನ್ ಪೇಜ್ಡ್ ಪೂಲ್" ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ ಸೋರುತ್ತಿರುವುದು ಡ್ರೈವರ್. ನೆಟ್‌ವರ್ಕ್ ಕಾರ್ಡ್, ಆಂಟಿವೈರಸ್‌ನ ಫಿಲ್ಟರ್ ಡ್ರೈವರ್‌ಗಳ ಮೇಲೆ ಮೊದಲು ಕಣ್ಣಿಡಿ. ಮೈಕ್ರೋಸಾಫ್ಟ್‌ನ ಡ್ರೈವರ್ ಕಿಟ್ ಜೊತೆ ಬರುವ ಪೂಲ್‌ಮಾನ್ ಓಡಿಸಿ, "ಪಿ" ಒತ್ತಿ ನಾನ್ ಪೇಜ್ಡ್ ಮಾತ್ರ ಕಾಣುವಂತೆ ಮಾಡಿ, "ಬಿ" ಒತ್ತಿ ಬೈಟ್ ಕ್ರಮದಲ್ಲಿ ಜೋಡಿಸಿದರೆ ಮೇಲಿನ ಸಾಲಿನಲ್ಲಿ ನಾಲ್ಕು ಅಕ್ಷರದ ಒಂದು ಟ್ಯಾಗ್ ಸಿಗುತ್ತದೆ. ಡ್ರೈವರ್‌ಗಳ ಫೋಲ್ಡರ್‌ನಲ್ಲಿ ಆ ಟ್ಯಾಗ್ ಯಾವ ಫೈಲ್‌ನಲ್ಲಿದೆ ಎಂದು ಫೈಂಡ್‌ಎಸ್‌ಟಿಆರ್‌ನಿಂದ ಹುಡುಕಿದರೆ ಹೆಚ್ಚಿನ ಸಲ ಡ್ರೈವರ್‌ನ ಹೆಸರು ತಿಳಿಯುತ್ತದೆ.

"ದಿನಾ ಸಂಜೆ ಶಟ್ ಡೌನ್ ಮಾಡ್ತೇವೆ, ಆದ್ರೂ ಹೀಗೇ" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್ ಡೌನ್ ಮಾಡಿದಾಗ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೇ ಏಳುತ್ತದೆ, ಸೋರಿದ ಪೂಲ್ ಸಮೇತ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ "ಅಪ್ ಟೈಮ್" 20 ದಿನ ಎಂದಿದ್ದರೆ ಇದೇ ಕಾರಣ. "ರೀಸ್ಟಾರ್ಟ್" ಕೊಟ್ಟರೆ ಮಾತ್ರ ಕರ್ನಲ್ ಹೊಸದಾಗಿ ಶುರುವಾಗುತ್ತದೆ. ಡ್ರೈವರ್ ಬದಲಿಸುವವರೆಗೆ ದಿನಕ್ಕೊಂದು ರೀಸ್ಟಾರ್ಟ್ ಸಾಕು.

ಮೂರನೆಯ ಕೊರತೆ: 32 ಬಿಟ್ ಪ್ರೋಗ್ರಾಂನ ಗೋಡೆ

ಪೇಜ್‌ಮೇಕರ್ 7.0ರಂಥ ಹಳೆಯ ಪ್ರೋಗ್ರಾಂಗಳಲ್ಲಿ ಕನ್ನಡ ಪುಟ ಕಟ್ಟುವ ಪ್ರೆಸ್‌ಗಳು ಇನ್ನೂ ಇವೆ. 32 ಬಿಟ್ ಪ್ರೋಗ್ರಾಂಗೆ ವಿಂಡೋಸ್‌ನಲ್ಲಿ ಸಿಗುವ ವಿಳಾಸದ ಜಾಗ 2 ಜಿಬಿ. ದೊಡ್ಡ ವಿಳಾಸ ನಿಭಾಯಿಸಬಲ್ಲೆನೆಂದು ಗುರುತು ಹಾಕಿಸಿಕೊಂಡ ಪ್ರೋಗ್ರಾಂ ಆಗಿದ್ದರೆ 64 ಬಿಟ್ ವಿಂಡೋಸ್‌ನಲ್ಲಿ 4 ಜಿಬಿ. ಯಂತ್ರದಲ್ಲಿ 32 ಜಿಬಿ ರ‍್ಯಾಮ್ ಇದ್ದರೂ ಈ ಗೋಡೆ ಸರಿಯುವುದಿಲ್ಲ. ಜಾಗ ತುಂಡುತುಂಡಾಗಿದ್ದರೆ 2 ಜಿಬಿ ಮುಟ್ಟುವ ಮೊದಲೇ, ಒಟ್ಟಾಗಿ 100 ಎಂಬಿ ಸಿಗದೆ ಪ್ರೋಗ್ರಾಂ ನಿಲ್ಲುವುದೂ ಉಂಟು. ವಿಎಂಮ್ಯಾಪ್ ಎಂಬ ಉಪಕರಣದಲ್ಲಿ "ಫ್ರೀ" ಸಾಲಿನ ಅತಿ ದೊಡ್ಡ ತುಂಡಿನ ಗಾತ್ರ ನೋಡಿದರೆ ಖಚಿತವಾಗುತ್ತದೆ. ಪರಿಹಾರ: ಚಿತ್ರಗಳನ್ನು ಫೈಲ್‌ನೊಳಗೆ ತುಂಬದೆ ಲಿಂಕ್ ಆಗಿ ಇಡುವುದು, ಪುಸ್ತಕವನ್ನು ಅಧ್ಯಾಯಗಳಾಗಿ ಒಡೆಯುವುದು, ಮಧ್ಯೆ ಪ್ರೋಗ್ರಾಂ ಮುಚ್ಚಿ ತೆರೆಯುವುದು.

ಲಿನಕ್ಸ್ ಯಂತ್ರವಾದರೆ

ಮಣಿಪಾಲದ ವಿದ್ಯಾರ್ಥಿಗಳ ಲ್ಯಾಪ್‌ಟಾಪ್, ಸಣ್ಣ ಕಚೇರಿಗಳ ಸರ್ವರ್‌ಗಳಲ್ಲಿ ಕತೆ ತುಸು ಬೇರೆ. ಲಿನಕ್ಸ್ ತನ್ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ಇರುವುದಕ್ಕಿಂತ ಹೆಚ್ಚು ಮಾತು ಕೊಡಲು ಹಿಂಜರಿಯುವುದಿಲ್ಲ. ಎಲ್ಲರೂ ಒಟ್ಟಿಗೆ ಪೇಜ್ ಮುಟ್ಟಲು ಹೊರಟು ಕೊಡಲು ಏನೂ ಉಳಿಯದಿದ್ದಾಗ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಎದ್ದು ಒಂದು ಪ್ರೊಸೆಸನ್ನು ಕೊಲ್ಲುತ್ತದೆ. ಸಾಯುವುದು ಹೆಚ್ಚಾಗಿ ಅತಿ ಹೆಚ್ಚು ಮೆಮೊರಿ ಹಿಡಿದದ್ದು, ಅಂದರೆ ಡೇಟಾಬೇಸ್ ಅಥವಾ ಜಾವಾ. ಹಾಗಾಗಿ ಡೇಟಾಬೇಸ್ ತಾನಾಗಿ ನಿಂತಿತೆಂದು ಅದರ ಲಾಗ್ ಹುಡುಕುವ ಮೊದಲು "ಡಿಮೆಸೇಜ್ -ಟಿ" (dmesg -T) ಕೊಟ್ಟು "ಕಿಲ್ಡ್ ಪ್ರೊಸೆಸ್" ಎಂಬ ಸಾಲು ಹುಡುಕಿ. ಯಂತ್ರ ರೀಬೂಟ್ ಆಗಿದ್ದರೆ "ಜರ್ನಲ್‌ಸಿಟಿಎಲ್ -ಕೆ -ಬಿ -1" ಹಿಂದಿನ ಬೂಟ್‌ನ ಕರ್ನಲ್ ಸಂದೇಶ ತೋರಿಸುತ್ತದೆ, ಲಾಗ್ ಡಿಸ್ಕಿನಲ್ಲಿ ಉಳಿಯುವಂತೆ ಇಟ್ಟಿದ್ದರೆ. ಸಾಲಿನಲ್ಲಿ "ಮೆಮೊರಿ ಸಿಗ್ರೂಪ್" ಎಂದಿದ್ದರೆ ಮುಗಿದಿರುವುದು ಆ ಕಂಟೈನರ್‌ಗೆ (ಪ್ರತ್ಯೇಕ ಮಿತಿಯೊಳಗೆ ಓಡಿಸುವ ಪ್ರೋಗ್ರಾಂಗಳ ಗುಂಪಿಗೆ) ಕೊಟ್ಟ ಮಿತಿ, ಇಡೀ ಯಂತ್ರದ ರ‍್ಯಾಮ್ ಅಲ್ಲ.

ಥ್ರ್ಯಾಶಿಂಗ್ ನೋಡಲು "ವಿಎಂಸ್ಟ್ಯಾಟ್ 1" ಓಡಿಸಿ. ಮೊದಲ ಸಾಲು ಬೂಟ್‌ನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. "ಎಸ್‌ಒ" ಸ್ವಾಪ್‌ಗೆ ಹೋದದ್ದು, "ಎಸ್‌ಐ" ಸ್ವಾಪ್‌ನಿಂದ ಬಂದದ್ದು. ಎಸ್‌ಒ ಸ್ವಲ್ಪ ಹೊತ್ತು ಏರಿ ಎಸ್‌ಐ ಸೊನ್ನೆಯಲ್ಲೇ ಇದ್ದರೆ ಯಾರಿಗೂ ಬೇಡದ ಪೇಜ್‌ಗಳು ಹೊರಗೆ ಹೋಗಿವೆ, ಅದು ಒಳ್ಳೆಯದೇ. ಎರಡೂ ಬಿಡದೆ ಓಡುತ್ತಿದ್ದರೆ ಮಾತ್ರ ತೊಂದರೆ. "ಸ್ವಾಪ್‌ನಲ್ಲಿ 2 ಜಿಬಿ ಬಳಕೆಯಾಗಿದೆ" ಎಂಬ ಅಂಕಿ ಒಂದೇ ಏನನ್ನೂ ಹೇಳುವುದಿಲ್ಲ. ಕರ್ನಲ್ 4.20ರಿಂದ ಈಚೆಗೆ, ಪಿಎಸ್‌ಐ (ಸಂಪನ್ಮೂಲದ ಒತ್ತಡ ಅಳೆಯುವ ವ್ಯವಸ್ಥೆ) ಸೇರಿಸಿ ಕಟ್ಟಿದ ಕರ್ನಲ್ ಆದರೆ "/ಪ್ರೊಕ್/ಪ್ರೆಶರ್/ಮೆಮೊರಿ" ಎಂಬ ಫೈಲ್ ಇದೆ. ಅದರ "ಫುಲ್" ಸಾಲಿನ "ಎವಿಜಿ10" ಅಂಕಿ, ಕಳೆದ 10 ಸೆಕೆಂಡ್‌ಗಳಲ್ಲಿ ಮೆಮೊರಿಗಾಗಿ ಎಲ್ಲ ಕೆಲಸವೂ ನಿಂತ ಪರ್ಸೆಂಟ್. ಅದು ಎರಡಂಕಿಗೆ ಹೋದರೆ ಬಳಕೆದಾರರು ಫೋನ್ ಮಾಡುವ ಹೊತ್ತಾಯಿತೆಂದೇ ಲೆಕ್ಕ.

ಸ್ವಾಪಿನೆಸ್ ಎಂಬ ಸೆಟ್ಟಿಂಗ್ ಸಾಮಾನ್ಯವಾಗಿ 60 ಇರುತ್ತದೆ. ಅದನ್ನು 10ಕ್ಕೆ ಇಳಿಸಿದರೆ ಎಲ್ಲ ಸರಿಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಪ್ರೋಗ್ರಾಂಗಳ ಪೇಜ್ ಹೊರಹಾಕುವುದೋ ಫೈಲ್ ಕ್ಯಾಶ್ ಬಿಡುವುದೋ ಎಂಬ ಒಲವನ್ನು ಅದು ಬದಲಿಸುತ್ತದೆ, ರ‍್ಯಾಮ್ ಹೆಚ್ಚಿಸುವುದಿಲ್ಲ. ನಿಜವಾದ ಪರಿಹಾರ ಇರುವುದು ಪ್ರೋಗ್ರಾಂಗಳ ಮಿತಿಯಲ್ಲಿ. ಜಾವಾ ಏನೂ ಹೇಳದಿದ್ದರೆ ರ‍್ಯಾಮ್‌ನ ಕಾಲು ಭಾಗದವರೆಗೆ ಹೀಪ್ (ತನ್ನ ಡೇಟಾ ಇಡುವ ಮೆಮೊರಿ) ಬೆಳೆಸಿಕೊಳ್ಳುತ್ತದೆ. ಅಂಥ ಮೂರು ಸರ್ವಿಸ್, ಒಂದು ಡೇಟಾಬೇಸ್ ಒಂದೇ ಯಂತ್ರದಲ್ಲಿದ್ದರೆ "-ಎಕ್ಸ್‌ಎಂಎಕ್ಸ್" ಕೊಟ್ಟು ಒಂದೊಂದಕ್ಕೂ ಮಿತಿ ಹಾಕಲೇಬೇಕು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮಷೀನ್‌ಗೆ 6 ಜಿಬಿ ಕೊಟ್ಟರೆ ಹೊರಗಿನ ಸಿಸ್ಟಂ ಸ್ವಾಪ್‌ನಲ್ಲಿ ಒದ್ದಾಡುತ್ತದೆ, ಒಳಗಿನದಕ್ಕೆ ಅದು ಗೊತ್ತೇ ಆಗುವುದಿಲ್ಲ. 3ರಿಂದ 4 ಕೊಡಿ.

ಕೊರತೆ ಏನೂ ಇಲ್ಲದೆ ಕೆಡುವುದು: ರ‍್ಯಾಮ್, ಡಿಸ್ಕ್, ಕೇಬಲ್

ನೀಲಿ ಪರದೆಯಲ್ಲಿ "ಕರ್ನಲ್ ಡೇಟಾ ಇನ್‌ಪೇಜ್ ಎರರ್" ಎಂದು ಬಂದರೆ ಅದರರ್ಥ ಪೇಜೊಂದನ್ನು ಡಿಸ್ಕಿನಿಂದ ವಾಪಸು ತರಲು ಹೋಗಿ ಸೋತಿತು ಎಂದು. ಇದಕ್ಕೆ ರ‍್ಯಾಮ್ ಬದಲಿಸುವುದು ಸಾಮಾನ್ಯ ತಪ್ಪು. ಜೊತೆಗೆ ದಾಖಲಾಗುವ ಸ್ಥಿತಿ ಸಂಖ್ಯೆಯ ಕೊನೆ ನೋಡಿ: 9ಸಿ ಎಂದಿದ್ದರೆ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್, 9ಡಿ ಎಂದರೆ ಡಿಸ್ಕಿನ ಸಂಪರ್ಕವೇ ತಪ್ಪಿದೆ, 185 ಎಂದರೂ ಮೊದಲು ಕೇಬಲ್, ಕನೆಕ್ಟರ್, 9ಎ ಎಂದರೆ ನಾನ್ ಪೇಜ್ಡ್ ಪೂಲ್ ಮುಗಿದಿದೆ, ಮೇಲಿನ ಸೋರಿಕೆಯ ಭಾಗಕ್ಕೆ ಹೋಗಿ. ಸಿಸ್ಟಂ ಲಾಗ್‌ನಲ್ಲಿ ಡಿಸ್ಕ್ ಮೂಲದ 51 ಸಂಖ್ಯೆಯ ಈವೆಂಟ್ ಇದ್ದರೆ ಅದು ಪೇಜಿಂಗ್ ನಡೆಯುವಾಗಲೇ ಬಂದ ದೋಷ, 7 ಇದ್ದರೆ ಕೆಟ್ಟ ಬ್ಲಾಕ್. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ಸ್ಮಾರ್ಟ್ ಪಟ್ಟಿಯಲ್ಲಿ 197ನೆಯ ಸಾಲು, ಅಂದರೆ ಬಾಕಿ ಇರುವ ಸೆಕ್ಟರ್ ಸಂಖ್ಯೆ, ಏರುತ್ತಿದ್ದರೆ ಅಂದೇ ಬ್ಯಾಕಪ್ ತೆಗೆಯಿರಿ. 199ನೆಯದಾದ ಸಿಆರ್‌ಸಿ (ಡೇಟಾ ಸಾಗುವಾಗಿನ ದೋಷ) ಎಣಿಕೆ ಮಾತ್ರ ಏರುತ್ತಿದ್ದರೆ ಡಿಸ್ಕ್ ಬಿಡಿ, ಸಾಟಾ ಕೇಬಲ್ ಬದಲಿಸಿ.

ಕಡಲ ಗಾಳಿಯ ಉಪ್ಪು, ಮುಂಗಾರಿನ ತೇವ ಎರಡೂ ಸೇರುವ ನಮ್ಮ ಊರುಗಳಲ್ಲಿ ಕನೆಕ್ಟರ್‌ಗಳು ಬೇಗ ಕಿಲುಬು ಹಿಡಿಯುತ್ತವೆ. "ಮೆಮೊರಿ ಮ್ಯಾನೇಜ್‌ಮೆಂಟ್", "ಪೇಜ್ ಫಾಲ್ಟ್ ಇನ್ ನಾನ್ ಪೇಜ್ಡ್ ಏರಿಯಾ" ಎಂಬ ಪರದೆಗಳು ಮಳೆಗಾಲದಲ್ಲಿ ಶುರುವಾದರೆ ಮೊದಲು ರ‍್ಯಾಮ್ ಬಿಚ್ಚಿ ನೋಡಿ. ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಬಿಡಿಸಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದು ರ‍್ಯಾಮ್ ಹೊರತೆಗೆಯಿರಿ. ಚಿನ್ನದ ಬಣ್ಣದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ರೂಢಿ ಇದೆ. ಆ ಲೇಪ ತೀರ ತೆಳು, ಮತ್ತೆ ಮತ್ತೆ ಉಜ್ಜಿದರೆ ಸವೆದು ಮುಂದಿನ ಮಳೆಗಾಲಕ್ಕೆ ಇನ್ನಷ್ಟು ಬೇಗ ಕಿಲುಬುತ್ತದೆ.

ಬಳಿಕ ಮೆಮ್‌ಟೆಸ್ಟ್86+ ಇರುವ ಯುಎಸ್‌ಬಿಯಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ, ಯುಪಿಎಸ್ ಮೇಲೆ. ಒಂದೇ ಒಂದು ದೋಷ ಬಂದರೂ ರ‍್ಯಾಮ್ ಅಥವಾ ಸ್ಲಾಟ್ ನಂಬಿಕೆಗೆ ಯೋಗ್ಯವಲ್ಲ. ಯಾವುದೆಂದು ತಿಳಿಯಲು ಒಂದು ಬಾರಿಗೆ ಒಂದೇ ರ‍್ಯಾಮ್ ಹಾಕಿ, ಆಮೇಲೆ ಅದೇ ರ‍್ಯಾಮನ್ನು ಬೇರೆ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿ. ದೋಷ ರ‍್ಯಾಮ್ ಹಿಂದೆ ಹೋದರೆ ರ‍್ಯಾಮ್, ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್.

ಯಾವ ರಿಪೇರಿ ಮಾಡಿದರೂ ಯಂತ್ರ ವಾಪಸು ಕೊಡುವ ಮೊದಲು, ತೊಂದರೆ ಕೊಟ್ಟ ಅದೇ ಫೈಲ್‌ಗಳನ್ನು ತೆರೆದು ಅರ್ಧ ಗಂಟೆ ಕೆಲಸ ಮಾಡಿ ನೋಡಿ. ಫೈಲ್ ತೆರೆದು ನಿಂತ ಮೇಲೆ ಹಾರ್ಡ್ ಫಾಲ್ಟ್ ಒಂದಂಕಿಗೆ ಇಳಿಯಬೇಕು. ಕಮಿಟೆಡ್ ಮಿತಿಯ 80 ಪರ್ಸೆಂಟ್ ಒಳಗಿರಬೇಕು. ಎರಡೂ ಅಂಕಿಗಳನ್ನು ದಿನಾಂಕದೊಂದಿಗೆ ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಬದಿಯ ಹೊದಿಕೆಯ ಒಳಗೆ ಅಂಟಿಸಿಡಿ, ಮುಂದಿನ ಸಲ ಬಿಚ್ಚುವವರಿಗೆ ಹೋಲಿಸಿ ನೋಡಲು ಬೇಕಾಗುತ್ತದೆ.